ಮಾಲೀಕರು ಹೊರಗೆ ಹೋಗಿದ್ದಾರೆ

ಗೆಳೆಯ ಬಿಸ್ರಾಮ್ ಹೋದ ಶುಕ್ರವಾರ ಸಂಜೆ ತೀರಿಕೊಂಡ. ಪುರಸಭೆಯಿಂದ ಬಸ್ ನಿಲ್ದಾಣಕ್ಕೆ ನಡೆದು ಹೋಗುತ್ತಿದ್ದಾಗ ಎದೆನೋವು ಬಂತು. ಪಕ್ಕದ ಲೌಟೋಕಾ ಪಟ್ಟಣದ ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಐವತ್ತೊಂಬತ್ತು ವರ್ಷ.

ಮೂವತ್ನಾಲ್ಕು ವರ್ಷ ಅವನು ಪುರಸಭೆಯಲ್ಲಿ ನಮ್ಮ ಊರಿನ ನಕ್ಷೆ ಬರೆದ. ಯಾರ ಅಡುಗೆಮನೆ ಯಾರ ಜಾಗಕ್ಕೆ ಒಂದು ಗೇಣು ಒತ್ತಿಕೊಂಡಿದೆ ಎಂಬುದು ಅವನಿಗೆ ಗೊತ್ತಿತ್ತು, ಹೇಳುತ್ತಿರಲಿಲ್ಲ. ಮದುವೆಮನೆಯಲ್ಲಿ ಕೂತಾಗಲೂ ಬೆರಳಿನಿಂದ ತೊಡೆಯ ಮೇಲೆ ಗೆರೆ ಎಳೆಯುತ್ತಿದ್ದ.

ಮಾರುಕಟ್ಟೆಯ ಹಿಂದೆ, ನದಿಗೆ ತಾಗಿ, ಉದ್ದನೆಯ ಜಾಗವೊಂದಿದೆ. ಹಳೆಯ ನಕ್ಷೆಯಲ್ಲಿ ಅದರ ಮೇಲೆ ‘ಖಾಲಿ’ ಎಂದಿತ್ತು. ಅಲ್ಲಿ ಅಂಗಡಿ ಕಟ್ಟಲು ಬಿಡಿ ಎಂದು ನಾವು ವ್ಯಾಪಾರಿಗಳು ಕೇಳಿದೆವು. ನನ್ನ ಬಟ್ಟೆ ಅಂಗಡಿಯ ಬಾಡಿಗೆ ಕರಾರು ಈ ವರ್ಷಕ್ಕೆ ಮುಗಿಯುತ್ತದೆ. ಆ ಜಾಗ ಸಿಗದಿದ್ದರೆ ಅಪ್ಪ ಶುರುಮಾಡಿದ ಅಂಗಡಿ ಮುಚ್ಚಬೇಕು.

ಊರಿನ ಹೊಸ ಯೋಜನೆಯ ಕರಡಿನಲ್ಲಿ ಬಿಸ್ರಾಮ್ ನದಿಯಿಂದ ಮೂವತ್ತು ಮೀಟರಿನವರೆಗೆ ಹಸಿರು ಬಳಿದ. ಕಾಂಡ್ಲಾ ಗಿಡ, ಹುಲ್ಲು, ಶನಿವಾರ ತರಕಾರಿ ಮಾರುವವರ ಚಪ್ಪರ ಇರಬಹುದು. ಗೋಡೆ ಕೂಡದು.

ಅವನ ಮನೆಯ ಜಗಲಿಯಲ್ಲಿ ಯಂಗೋನಾ ಬೇರಿನ ಪಾನೀಯ ಕುಡಿಯುತ್ತಾ ಜಗಳ ತೆಗೆದೆ.

“ಖಾಲಿ ಬಿದ್ದಿರೋ ಜಾಗ ಕಣೋ ಅದು!”

“ಖಾಲಿ ಅಂತ ಯಾರು ಹೇಳಿದ್ದು ಸೇಠ್? ಮಾಲೀಕರು ಹೊರಗೆ ಹೋಗಿದಾರೆ. ಫೆಬ್ರವರಿ ಮಳೇಲಿ ವಾಪಸ್ ಬರ್ತಾರೆ. ಬಂದಾಗ ನಿನ್ನ ಬಟ್ಟೆ ಥಾನಿನ ಮೇಲೆ ಮಲಗಿಸ್ತೀಯಾ ನದೀನ?”

“ನಿನಗೇನಪ್ಪ, ತಿಂಗಳಾದ್ರೆ ಸಂಬಳ.”

“ಹೂಂ. ನೀರು ಎಲ್ಲೀತನಕ ಬರುತ್ತೆ ಅಂತ ನಿಜ ಹೇಳೋಕೇ ಆ ಸಂಬಳ.”

ಬಟ್ಟಲು ಕೆಳಗಿಟ್ಟು ಎದ್ದುಬಂದೆ. ಎಂಟು ತಿಂಗಳು ಆ ಜಗಲಿ ಹತ್ತಲಿಲ್ಲ.

ಆ ಕರಡಿಗೆ ಆಕ್ಷೇಪಣೆ ಸಲ್ಲಿಸಲು ಹೋದ ಶುಕ್ರವಾರವೇ ಕೊನೆಯ ದಿನ. ನಾನೂ ಎರಡು ಪುಟ ಬರೆದಿದ್ದೆ. ಅದನ್ನು ಈ ಮಂಗಳವಾರ ಹಿಂತೆಗೆದುಕೊಂಡೆ. ದುಃಖದಲ್ಲಿ ದುಡುಕಿದೆ ಎಂದು ಅಂಗಡಿ ಬೀದಿಯವರು ಹೇಳುತ್ತಾರೆ. ಥಾನುಗಳನ್ನು ಎಲ್ಲಿಗೆ ಸಾಗಿಸುವುದೋ ನನಗಿನ್ನೂ ಗೊತ್ತಿಲ್ಲ. ಆದರೆ ಶುಕ್ರವಾರ ನಡೆದದ್ದನ್ನು ಅವರು ನೋಡಿರಲಿಲ್ಲ.

ಅವತ್ತು ನಾಲ್ಕು ಗಂಟೆಗೆ ಪುರಸಭೆಗೆ ಹೋದಾಗ ಕಿಟಕಿಯ ಹಿಂದೆ ಬಿಸ್ರಾಮನೇ ಕೂತಿದ್ದ.

“ಬಾ ಸೇಠ್. ನನ್ನ ಬಿಟ್ಟಮೇಲೆ ದಪ್ಪ ಆಗಿದೀಯ.”

“ಇದನ್ನ ತಗೋ.”

ಎರಡೂ ಪುಟ ಪೂರ್ತಿ ಓದಿದ. ನಾನು ಫ್ಯಾನು ನೋಡುತ್ತಾ ನಿಂತೆ.

“ಇಲ್ಲೊಂದು ತಪ್ಪಿದೆ.”

“ನಿನ್ನ ವಾದ ಬೇಡ ನಂಗೆ.”

“ವಾದ ಅಲ್ಲಪ್ಪ, ಜಾಗದ ನಂಬರು. ಹದಿನೇಳು ಅಂತ ಬರ್ದಿದೀಯ, ಅದು ಶಾಲೆ ಮೈದಾನ. ಹಿಂಗೇ ಕೊಟ್ರೆ ಓದದೇನೇ ತಳ್ಳಿಹಾಕ್ತಾರೆ. ಹನ್ನೊಂದು ಮಾಡು.”

ತನ್ನ ಪೆನ್ನನ್ನೇ ಕೊಟ್ಟ. ತಿದ್ದಿ, ಪಕ್ಕದಲ್ಲಿ ಸಹಿ ಹಾಕಿದೆ. ಅವನು ಮುದ್ರೆಯನ್ನು ಶಾಯಿಗೆ ಅದ್ದಿ, ಓರೆಯಾಗದಂತೆ ಕಾಗದ ಹಿಡಿದು, ದಿನಾಂಕ ಸ್ಪಷ್ಟವಾಗಿ ಬೀಳುವ ಹಾಗೆ ಒತ್ತಿದ. ಆಮೇಲೆ ಶಾಯಿ ಒಣಗಲೆಂದು ಮೆಲ್ಲಗೆ ಊದಿದ.