ನಯಾಜ್ ಟ್ಯಾಂಕಿನೊಳಗಿದ್ದಾಗ ನಾನು ಎಲ್ಲಿದ್ದೆ

ಸ್ವಲ್ಪ ತಾಳಿ. ವಿಮಾನದ ಫೋಟೋ ನೋಡಲು ಬಂದವರು, ಈ ಸಲ ಫೋಟೋ ಇಲ್ಲವೆಂದು ಪುಟ ಮುಚ್ಚಬೇಡಿ. ಇದೊಂದನ್ನು ಓದಿ ಹೋಗಿ. ನನ್ನ ಗೆಳೆಯ ವಿಮಾನದ ಇಂಧನ ಟ್ಯಾಂಕಿನೊಳಗೆ ಉಸಿರಿಗೆ ಒದ್ದಾಡುತ್ತಿದ್ದಾಗ ನಾನು ಕಾವಲು ಬಿಟ್ಟು ಹೋಗಿದ್ದೆ. ಹೋಗಿರಲಿಲ್ಲ ಎಂದು ಬರೆದುಕೊಟ್ಟೆ. ಅವನ ಪ್ರಾಣ ಉಳಿಸಿದವನು ಎಂದು ಎಲ್ಲರೂ ಹೊಗಳಿದರು — ಎಂಟು ವರ್ಷ ಹೊಗಳಿಸಿಕೊಂಡೆ.

ನಾನು ಗುಬ್ಬಿಯವನು. ನಯಾಜ್ ಕುಣಿಗಲ್ಲಿನವನು, ಅವನ ತಂದೆ ಕುದುರೆಗಳಿಗೆ ಲಾಳ ಕಟ್ಟುವವರು. ತೊಂಬತ್ತರ ದಶಕದ ಕೊನೆಯಲ್ಲಿ ಇಬ್ಬರೂ ಸೇನೆಯ ವಿಮಾನಗಳನ್ನು ರಿಪೇರಿ ಮಾಡುವ ಕೆಲಸಕ್ಕೆ ಸೇರಿ, ಉತ್ತರದ ಯಾವುದೋ ಮೂಲೆಯಲ್ಲಿ ಒಂದೇ ಹ್ಯಾಂಗರಿಗೆ, ಅಂದರೆ ವಿಮಾನ ನಿಲ್ಲಿಸುವ ಶೆಡ್ಡಿಗೆ, ಬಿದ್ದೆವು. ವಿಮಾನವೆಂದರೆ ನನಗೆ ಹುಚ್ಚು. ತುಮಕೂರಿನ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಹರಕು ಪುಸ್ತಕಗಳಲ್ಲಿ ಇಂಜಿನ್ನಿನ ಚಿತ್ರ ನೋಡಿ ನೋಡಿ ಕಲಿತವನು ನಾನು. ನಯಾಜ್‌ಗೆ ಅಂಥ ಹುಚ್ಚೇನೂ ಇರಲಿಲ್ಲ. ಅವನ ಕೈ ಮಾತ್ರ ಬಹಳ ಶುದ್ಧ. ಅವನು ಮುಟ್ಟಿದ ಕೆಲಸವನ್ನು ಇನ್ನೊಬ್ಬರು ಮತ್ತೆ ನೋಡಬೇಕಾಗಿರಲಿಲ್ಲ.

ಸಾಮಾನು ಸಾಗಿಸುವ ದೊಡ್ಡ ವಿಮಾನಕ್ಕೆ ರೆಕ್ಕೆಯ ಒಳಗೇ ಟ್ಯಾಂಕು ಇರುತ್ತದೆ. ಎಲ್ಲಾದರೂ ಒಸರಿದರೆ, ಇಂಧನ ಖಾಲಿ ಮಾಡಿ, ಒಬ್ಬನು ಸಣ್ಣ ಕಿಂಡಿಯಿಂದ ತೆವಳಿ ಒಳಗೆ ಹೋಗಿ ಬಿರುಕಿಗೆ ಅಂಟು ಮೆತ್ತಬೇಕು. ಟ್ಯಾಂಕು ಖಾಲಿಯಾದರೂ ಆವಿ ಉಳಿದಿರುತ್ತದೆ. ಅದನ್ನು ಎಳೆದುಕೊಂಡರೆ ಮೊದಲು ತಲೆ ಹಗುರಾಗುತ್ತದೆ, ಆಮೇಲೆ ನಿದ್ದೆ. ಅದಕ್ಕೇ ಮುಖಕ್ಕೆ ಮಾಸ್ಕು, ಮಾಸ್ಕಿಗೆ ಹೊರಗಿನಿಂದ ಗಾಳಿಯ ಪೈಪು, ಕಿಂಡಿಯ ಹತ್ತಿರ ಒಬ್ಬ ಕಾವಲು. ನಮ್ಮಲ್ಲೊಂದು ಪದ್ಧತಿ ಇತ್ತು: ಒಳಗೆ ಹೋಗುವವನು ತನ್ನ ಗುರುತಿನ ಕಾರ್ಡನ್ನು ಕಾವಲಿನವನ ಎದೆಗೆ ಸಿಕ್ಕಿಸಿ ಹೋಗುತ್ತಾನೆ. ಅದನ್ನು ವಾಪಸು ಕೊಡುವವರೆಗೆ ಕಾವಲಿನವನು ಉಚ್ಚೆಗೂ ಹೋಗುವಂತಿಲ್ಲ. ಆಗಾಗ ಹೆಸರು ಕೂಗಬೇಕು. ಒಳಗಿನವನು ಎರಡು ಸಲ ಬಡಿದು ಉತ್ತರ ಕೊಡಬೇಕು. ಅಷ್ಟೇ ಕೆಲಸ.

ಆ ಬೆಳಿಗ್ಗೆ ನಯಾಜ್ ನನ್ನ ಎದೆಗೆ ಕಾರ್ಡು ಸಿಕ್ಕಿಸುತ್ತಾ ಹೇಳಿದ:

"ಏನ್ಲಾ ಲೋಕಿ, ಇಂಜಿನ್ ಕಂಡ್ರೆ ಓಡೋಗ್ಬುಡ್ತೀಯ. ಇಲ್ಲೇ ಬಿದ್ದಿರು."

"ಹೋಗ್ಲೇ, ನಿನ್ನ ಕಾಯೋಕೇ ಅಲ್ವಾ ನಮ್ಮವ್ವ ನನ್ನ ಹೆತ್ತಿರೋದು," ಎಂದೆ.

ಪಕ್ಕದ ಹ್ಯಾಂಗರಿನಲ್ಲಿ ಅವತ್ತು ಯುದ್ಧವಿಮಾನವೊಂದರ ಇಂಜಿನ್ನನ್ನು ಪೂರ್ತಿ ಬಿಚ್ಚಿ ಹರಡಿದ್ದರು. ನಾನು ಚಿತ್ರದಲ್ಲಷ್ಟೇ ನೋಡಿದ್ದ ಇಂಜಿನ್ನು. ನನ್ನ ಮೂರನೇ ಕೂಗಿಗೆ ನಯಾಜ್ ಬಡಿದದ್ದು ಕೇಳಿಸಿಕೊಂಡು ಹೊರಟೆ. ಸುಮ್ಮನೆ ಕಣ್ಣು ಹಾಯಿಸಿ ಬರೋಣ ಎಂದು — ಅಲ್ಲ, ಅದೂ ಸುಳ್ಳು. ಕಣ್ಣು ಹಾಯಿಸಿದರೆ ನನಗೆ ಸಾಲುವುದಿಲ್ಲವೆಂದು ಹೊರಡುವಾಗಲೇ ಗೊತ್ತಿತ್ತು. ಯಾರಾದರೂ ಕೇಳಿಯಾರೆಂದು ಅವನ ಕಾರ್ಡನ್ನು ಎದೆಯಿಂದ ತೆಗೆದು ಜೇಬಿಗೆ ಹಾಕಿಕೊಂಡಿದ್ದೆ.

ವಾಪಸು ಬಂದಾಗ ಯಾರೋ ನಿಲ್ಲಿಸಿ ಹೋಗಿದ್ದ ಟ್ರಾಲಿಯ ಚಕ್ರ ಗಾಳಿಯ ಪೈಪಿನ ಮೇಲೆ ಕೂತಿತ್ತು. ಕೂಗಿದೆ. ಮತ್ತೆ ಕೂಗಿದೆ. ಬಡಿತ ಇಲ್ಲ. ಟ್ರಾಲಿ ತಳ್ಳಿದೆ, ಪೈಪು ನೆಟ್ಟಗೆ ಮಾಡಿದೆ, ಕಾರ್ಡು ಎದೆಗೆ ಸಿಕ್ಕಿಸಿಕೊಂಡೆ — ಹೌದು, ಅವನನ್ನು ಎಳೆಯುವುದಕ್ಕೆ ಮುಂಚೆ ಕಾರ್ಡು ಸಿಕ್ಕಿಸಿಕೊಂಡೆ. ಆಮೇಲೆ ಜನರನ್ನು ಕೂಗಿ, ಉಸಿರು ಬಿಗಿಹಿಡಿದು ಕಿಂಡಿಗೆ ತಲೆ ತೂರಿಸಿ, ಅವನ ಕಾಲು ಹಿಡಿದು ಎಳೆದೆ. ಗಾಳಿ ಬಾರದೆ ಅವನೇ ಕಿತ್ತ ಮಾಸ್ಕು ಕುತ್ತಿಗೆಯಲ್ಲಿ ಜೋತಾಡುತ್ತಿತ್ತು.

ವಿಚಾರಣೆಯಲ್ಲಿ ಎರಡು ವಾಕ್ಯ ಬರೆದೆ. ನಾನು ನನ್ನ ಜಾಗದಲ್ಲೇ ಇದ್ದೆ. ಮಾಸ್ಕು ಅವನೇ ತೆಗೆದ. ಎರಡನೆಯದು ನಿಜವಾಗಿತ್ತು, ಅದಕ್ಕೇ ಮೊದಲನೆಯದನ್ನು ಯಾರೂ ಅನುಮಾನಿಸಲಿಲ್ಲ. ನಯಾಜ್‌ಗೆ ಏನೂ ನೆನಪಿರಲಿಲ್ಲ. ಕಾಗದದಲ್ಲಿ ಅವನದೇ ಅಜಾಗರೂಕತೆ ಎಂದಾಯಿತು. ಅವನ ಬಲಗೈಯ ನಡುಕ ಹೋಗಲಿಲ್ಲ, ಮೂಗಿಗೆ ವಾಸನೆ ಮತ್ತೆ ಬರಲಿಲ್ಲ. ವಿಮಾನ ಮುಟ್ಟುವ ಕೆಲಸದಿಂದ ತೆಗೆದರು. ಕೊನೆಗೆ ಮನೆಗೇ ಕಳಿಸಿದರು. ನನ್ನ ಬೆನ್ನು ತಟ್ಟಿದರು.

ರಜಕ್ಕೆ ಬಂದಾಗ ರಂಜಾನ್ ಇದ್ದರೆ ಕುಣಿಗಲ್ಲಿಗೆ ಹೋಗುತ್ತಿದ್ದೆ. ಅವನ ಅಮ್ಮ ಬಟ್ಟಲು ತುಂಬಾ ಪಾಯಸ ಕೊಟ್ಟು, "ತಿನ್ನು ಬೇಟಾ, ನನ್ ಮಗನ್ನ ಎಳ್ಕೊಂಡ್ ಬಂದ ಕೈ ಇದು," ಎನ್ನುತ್ತಿದ್ದರು. ನಯಾಜ್ ಪಕ್ಕದಲ್ಲಿ ಕೂತು, "ಏಲಕ್ಕಿ ಸರಿಯಾಗೈತಾ ನೋಡ್ಲಾ, ನಂಗೆಲ್ಲಿ ಗೊತ್ತಾಯ್ತದೆ," ಎಂದು ನಗುತ್ತಿದ್ದ. ನಾನು ಸರಿಯಾಗಿದೆ ಎನ್ನುತ್ತಿದ್ದೆ. ಇನ್ನೇನು —

ಈಗ ಅವನು ತುಮಕೂರಿನ ಒಂದು ತರಬೇತಿ ಶಾಲೆಯಲ್ಲಿ ಹುಡುಗರಿಗೆ ಕಾರ್ಖಾನೆಯ ಸುರಕ್ಷತೆ ಹೇಳಿಕೊಡುತ್ತಾನೆ. ಹೋದ ತಿಂಗಳು ನನ್ನನ್ನೂ ತರಗತಿಗೆ ಕರೆದುಕೊಂಡು ಹೋದ. ನಡುಗುವ ಕೈಯನ್ನು ಎತ್ತಿ ತೋರಿಸಿ ಹೇಳಿದ:

"ನನ್ ತರ ಬೆಪ್ಪ ಆಗ್ಬೇಡ್ರಪ್ಪಾ. ಒಳಗೆ ಕೂತ್ಕೊಂಡು ಮಾಸ್ಕ್ ಕಿತ್ತಾಕ್ದೋನು ನಾನು! ಇವ್ನೊಬ್ಬ ಇಲ್ದಿದ್ರೆ ಖಬರಸ್ತಾನದಲ್ಲಿ ಪರ್ಮನೆಂಟ್ ಆಗ್ಬುಡ್ತಿದ್ದೆ."

ಹುಡುಗರು ನಕ್ಕರು. ಆಮೇಲೆ ನನಗೆ ಚಪ್ಪಾಳೆ ತಟ್ಟಿದರು. ಹೊರಗಿದ್ದವನು ಆಗ ಏನು ಮಾಡುತ್ತಿದ್ದ ಎಂದು ಒಬ್ಬನೂ ಕೇಳಲಿಲ್ಲ. ಈ ಹುಡುಗರು ನಾಳೆ ಎಲ್ಲೋ ಒಂದು ಟ್ಯಾಂಕಿನ ಬಾಯಿಗೆ ಕಾವಲು ನಿಲ್ಲುತ್ತಾರೆ. ತಪ್ಪು ಮಾಡುವವನು ಒಳಗಿನವನೇ ಎಂದು ಕಲಿತುಕೊಂಡು ನಿಲ್ಲುತ್ತಾರೆ. ಅದನ್ನು ಕಲಿಸಿದವನು ನಯಾಜ್ ಅಲ್ಲ, ನಾನು.

ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗ ಹೇಳಿಬಿಟ್ಟೆ. ಇಂಜಿನ್ನು, ಟ್ರಾಲಿ, ಕಾರ್ಡು — ಎಲ್ಲ. ಅವನು ಲೋಟ ಕೆಳಗಿಟ್ಟ.

"ಎಷ್ಟೊತ್ತು ಹೋಗಿದ್ದೆ?"

"ಕಾಲು ಗಂಟೆ ಇರ್ಬೋದು. ಸರಿಯಾಗಿ ಗೊತ್ತಿಲ್ಲ."

ಲೋಟವನ್ನು ಪಕ್ಕಕ್ಕೆ ಸರಿಸಿದ. ನಂತರ ನಿಧಾನವಾಗಿ, "ಎಂಟ್ ವರ್ಷ ನನ್ನ ನಾನೇ ಬೈಕೊಂಡೆ ಕಣೋ. ದಿನಾ ಬೈಕೊಂಡೆ. ಅದ್ನ ಈಗ ಎಲ್ಲೋಗಿ ಕಕ್ಲಿ ಹೇಳು?" ಎಂದ. ಕುಣಿಗಲ್ ಬಸ್ಸು ಬಂತು. ಹತ್ತುವಾಗ ತಿರುಗದೆಯೇ ಹೇಳಿದ: "ಅಮ್ಮಂಗೆ ನಾನ್ ಹೇಳಲ್ಲ. ಹೇಳೋ ಹಂಗಿದ್ರೆ ಮನೆಗ್ ಬಾ. ಇಲ್ಲಾಂದ್ರೆ ಬರ್ಬೇಡ."

ಹಳೆಯ ಹೇಳಿಕೆ ಸುಳ್ಳೆಂದು ಬರೆದು, ಸಹಿ ಹಾಕಿ, ಅಂದು ವಿಚಾರಣೆ ನಡೆಸಿದ ಕಚೇರಿಗೆ ರಿಜಿಸ್ಟರ್ ಪೋಸ್ಟ್ ಮಾಡಿದ್ದೇನೆ. ಉತ್ತರ ಬಂದಿಲ್ಲ. ನಯಾಜ್ ಫೋನು ಎತ್ತುತ್ತಿಲ್ಲ. ಎತ್ತಬೇಕೆಂದು ಕೇಳುವ ಮುಖ ನನಗಿಲ್ಲ. ಬರುವ ಭಾನುವಾರ ಕುಣಿಗಲ್ಲಿಗೆ ಹೋಗುತ್ತೇನೆ. ಬಾಗಿಲಲ್ಲೇ ನಿಂತು ಹೇಳುತ್ತೇನೆ. ಒಳಗೆ ಕರೆಯುವುದು, ಬಿಡುವುದು ಆ ತಾಯಿಗೆ ಸೇರಿದ್ದು.

ನೀವೂ ಯಾರನ್ನಾದರೂ ಒಳಗೆ ಕಳಿಸಿ ಹೊರಗೆ ಕಾಯುವ ಕೆಲಸ ಮಾಡಿದ್ದರೆ, ಒಂದು ಸಲವಾದರೂ ಜಾಗ ಬಿಟ್ಟು ಹೋಗಿದ್ದರೆ, ಇದರ ಕೆಳಗೆ ಬರೆಯಿರಿ. ಹೆಸರು ಹಾಕಬೇಡಿ. ಎಷ್ಟು ಹೊತ್ತು ಹೋಗಿದ್ದಿರಿ, ಏನು ನೋಡಲು ಹೋಗಿದ್ದಿರಿ, ಅಷ್ಟು ಬರೆದರೆ ಸಾಕು. ಆ ತರಗತಿಯ ಹುಡುಗರಿಗೆ ಓದಿ ಹೇಳಲು ಬೇಕು.