ಶುಕ್ರವಾರದ ನೀರು, ಬೇರೆ ಬೀಗದ ಕೀಲಿಕೈ

ದಿಂಡಿಗಲ್‌ಗೆ ಬೀಗ ಕೊಳ್ಳಲು ಹೋದಾಗಲೆಲ್ಲ ಮನೆಯ ಹಳೆಯ ಕೀಲಿಕೈಯೊಂದು ನನ್ನ ಜೇಬಿನಲ್ಲಿರುತ್ತದೆ. ಅದಕ್ಕೂ ತೆರೆದುಕೊಳ್ಳುವ ಬೀಗವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರುವುದಿಲ್ಲ. ಹನುಮಂತನಪಟ್ಟಿಯಲ್ಲಿ ದ್ರಾಕ್ಷಿ ತೂಗುತ್ತಾ ಶುರುಮಾಡಿ ಸ್ವಂತ ಮಂಡಿ ಇಟ್ಟವನು ನಾನು. ಈ ಬುದ್ಧಿ ಒಂದೇ ಒಂದು ಸಲ ಕೈಕೊಟ್ಟಿತು.

ಮನೆಯಲ್ಲಿ ಮೂರು ಬೀರು ತುಂಬ ಪತ್ರಗಳು, ಒಂದು ಟ್ರಂಕಿನಲ್ಲಿ ಮದುವೆಗಳ ವಿಡಿಯೊ ಕ್ಯಾಸೆಟ್ಟುಗಳು. ಎಲ್ಲವನ್ನೂ ತೇನಿಯಲ್ಲಿ ಕಂಪ್ಯೂಟರಿಗೆ ಹಾಕಿಸಿದೆ. ಅವನ್ನು ವಿಂಗಡಿಸಿ ಹುಡುಕಿಕೊಡಲು ಎರಡು ಎಐ ತಂತ್ರಾಂಶಗಳನ್ನು, ಚೌಕಾಸಿ ಮಾಡಿ, ಒಂದು ತಿಂಗಳು ಪುಕ್ಕಟೆಯಾಗಿ ಪಡೆದೆ.

ಅದೇ ಹೊತ್ತಿಗೆ ಹೊಸ ಬಳ್ಳಿ ನೆಟ್ಟು ನೀರು ಸಾಲದಾಗಿತ್ತು. ನಮ್ಮ ಬಾವಿಯ ಶುಕ್ರವಾರದ ನೀರು ಪಕ್ಕದ ಹೊಲದ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಹೋಗುತ್ತಿತ್ತು. ಪತ್ರವಿದೆಯೇ ಎಂದು ಕೇಳಿದೆ. ಮದುವೆ ಚಪ್ಪರದಲ್ಲಿ ತಾತ ಕೊಟ್ಟದ್ದು ಎಂದರು. ತಮಿಳುನಾಡಿನಲ್ಲಿ ನೆಲೆಸಿದ ಕನ್ನಡದವರು ನಾವು; ನಮ್ಮವರಲ್ಲಿ ಮಗಳಿಗೆ ಕೊಡುವುದನ್ನು ಚಪ್ಪರದಲ್ಲಿ ನಾಲ್ಕು ಜನರಿಗೆ ಕೇಳುವಂತೆ ಹೇಳುತ್ತಾರೆ. ಬರೆದುಕೊಟ್ಟರೆ ನಂಬಿಕೆ ಇಲ್ಲವೆಂದು ಅರ್ಥ.

ಅತ್ತೆಯ ಮದುವೆ ಕ್ಯಾಸೆಟ್ಟಿನಲ್ಲಿ ಅಂಥ ಮಾತಿದೆಯೇ ಎಂದು ಮೊದಲನೇ ತಂತ್ರಾಂಶವನ್ನು ಕೇಳಿದೆ. ಹಿರಿಯರು ವಧೂವರರನ್ನು ಹರಸುತ್ತಿದ್ದಾರೆ, ನೀರಿನ ಮಾತಿಲ್ಲ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿತು. ನನಗೆ ಬೇಕಾದ ಉತ್ತರ. ಹೋಗಿ ಅತ್ತೆಗೆ ಹೇಳಿದೆ. ಅವರು ವಾದಿಸಲಿಲ್ಲ. ಆ ಶುಕ್ರವಾರ ಮೋಟರು ಹಾಕಲು ಬರಲೂ ಇಲ್ಲ.

ಪುಕ್ಕಟೆ ತಿಂಗಳು ಮುಗಿದು ದುಡ್ಡು ಕಟ್ಟುವ ದಿನ ಹತ್ತಿರ ಬಂದಾಗಲೇ ಬೀಗದ ಪರೀಕ್ಷೆ ನೆನಪಾದದ್ದು. ಕಂಬಂನಲ್ಲಿ ನಮಗೆಂದೂ ಇಲ್ಲದ ತೋಟವೊಂದರ ಕ್ರಯಪತ್ರ ಹುಡುಕಿಕೊಡಲು ಎರಡಕ್ಕೂ ಹೇಳಿದೆ. ಮೊದಲನೆಯದು ಚೆಕ್ಕುಬಂದಿ ಸಮೇತ ವಿವರ ಕೊಟ್ಟಿತು. ಎರಡನೆಯದು ಅಂಥ ಪತ್ರವಿಲ್ಲ ಎಂದಿತು. ಮದುವೆ ಕ್ಯಾಸೆಟ್ಟಿನ ಬಗ್ಗೆ ಎರಡನೆಯದನ್ನೇ ಕೇಳಿದರೆ, ಇದು ಪೂರಾ ತಮಿಳಲ್ಲ, ಈ ಮಾತು ನನಗೆ ತಿಳಿಯುತ್ತಿಲ್ಲ, ನೀವೇ ಕೇಳಿನೋಡಿ ಎಂದಿತು. ನಮ್ಮ ಮನೆಗನ್ನಡ ಅದಕ್ಕೆ ಬಾರದು. ಹಾಗಾದರೆ ಮೊದಲನೆಯದು ಏನು ಕೇಳಿಸಿಕೊಂಡಿತ್ತು?

ಲ್ಯಾಪ್‌ಟಾಪ್ ಹಿಡಿದು ಅತ್ತೆಯ ಮನೆಗೆ ಹೋದೆ. ನಾದಸ್ವರದ ಗದ್ದಲದ ನಡುವೆ ಅವರೇ ಬೆರಳಿಟ್ಟು ಜಾಗ ತೋರಿಸಿದರು. ತಾತನ ದನಿ:

"ಬಾವ್ಯಾಗೆ ವೆಳ್ಳಿಕೆಳಮೆ ನೀರು ನನ್ ಮಗಳ್ದು. ಎಲ್ರೂ ಕೇಳ್ಕಳ್ಳಿ."

ವೆಳ್ಳಿಕೆಳಮೆ ಎಂದರೆ ಶುಕ್ರವಾರವೇ.

"ಹಣ್ ತಗಳಾಗ ಪೆಟ್ಟಿ ಅಡೀಗಂಟ ಕೈ ಹಾಕ್ತೀಯ," ಎಂದರು ಅತ್ತೆ. "ನನ್ ಮಾತಿಗೆ ಮಾತ್ರ ಮೇಲಿನ್ ಸಾಲು ಸಾಕಾಯ್ತೇನ್ಡಾ?"

ಎರಡನೆಯದನ್ನೇ ಕೊಂಡೆ, ಬೆಲೆ ಇಳಿಸಿಯೇ. ತಾತನ ಮಾತನ್ನು ಆ ವಿಡಿಯೊದ ಕೆಳಗೆ ನಾನೇ ಬರೆದಿಟ್ಟಿದ್ದೇನೆ. ಈಗ ಹುಡುಕಿದರೆ ಸಿಗುತ್ತದೆ. ಯಾರಾದರೂ ಸಲಹೆ ಕೇಳಿದರೆ ಹೇಳುತ್ತೇನೆ: ಮೊದಲು ನಿಮ್ಮಲ್ಲಿ ಇಲ್ಲದ್ದನ್ನು ಕೇಳಿ. ಗೊತ್ತಿಲ್ಲ ಎನ್ನಬಲ್ಲದ್ದನ್ನು ಕೊಳ್ಳಿ. ಉತ್ತರ ನಿಮಗೇ ಲಾಭ ತರುವಂತಿದ್ದರೆ ಇನ್ನೊಮ್ಮೆ ಕೇಳಿ.

ಮೋಟರು ಕೋಣೆಯ ಬೀಗಕ್ಕೆ ಈಗ ಎರಡು ಕೀಲಿಕೈ. ಒಂದು ಅತ್ತೆಯ ಸೆರಗಿನ ಗಂಟಿನಲ್ಲಿದೆ.