ಒದ್ದು ಎಂದರೆ ಬೇಡ

ಕೋಲಾರಕ್ಕೆ ಬಂದ ಮೊದಲ ದಿನ, ಎದೆಗೆ ಜೆಲ್ ಹಚ್ಚುತ್ತಿದ್ದಂತೆ ಮಗುವೊಂದು "ಒದ್ದು, ಒದ್ದು" ಎಂದು ಕಿರುಚಿತು. ಒದೆಯುತ್ತದೇನೋ ಎಂದು ನಾನು ಅದರ ಕಾಲು ಹಿಡಿದುಕೊಂಡೆ.

"ಬಿಡಿ ಸಾರ್, ಒದೆಯಲ್ಲ. ತೆಲುಗಲ್ಲಿ ಒದ್ದು ಅಂದ್ರೆ ಬೇಡ ಅಂತ," ಎಂದು ನರ್ಸ್ ಮುನಿಯಮ್ಮ ನಕ್ಕರು.

ಮಕ್ಕಳ ಹೃದಯದ ಎಕೋ ತೆಗೆಯುವುದು ನನ್ನ ಕೆಲಸ. ಕಿವಿಗೆ ಕೇಳದ ಶಬ್ದವನ್ನು ಎದೆಯೊಳಗೆ ಕಳಿಸಿ, ರಕ್ತ ಯಾವ ಕಡೆ ಹರಿಯುತ್ತಿದೆ ಎಂದು ಪರದೆಯ ಮೇಲೆ ಬಣ್ಣದಲ್ಲಿ ನೋಡುವ ಪರೀಕ್ಷೆ ಅದು. ಯಂತ್ರ ಧಾರವಾಡದಲ್ಲಿದ್ದಂಥದ್ದೇ. ಉಳಿದದ್ದೆಲ್ಲ ಬೇರೆ. ಅಲ್ಲಿ ರೊಟ್ಟಿ ಅಗಿದು ತಿನ್ನುತ್ತಿದ್ದೆ. ಇಲ್ಲಿ ಮುದ್ದೆ ಅಗಿದೆನೆಂದು ಮನೆ ಮಾಲೀಕರು ನೆಂಟರನ್ನು ಕರೆದು ತೋರಿಸಿದರು. ಹಟ ಹಿಡಿದು ತೆಲುಗು ಕಲಿತೆ. ಪಾಪ ಎಂದರೆ ಹೆಣ್ಣುಮಗು, ನಾ ಎಂದರೆ ನನ್ನ, ಪನಿ ಎಂದರೆ ಕೆಲಸ, ಅಯಿಪೋಯಿಂದಿ ಎಂದರೆ ಮುಗಿಯಿತು.

ಶ್ರೀನಿವಾಸಪುರದ ಕಡೆಯಿಂದ ಭವ್ಯ ಎಂಬ ಹುಡುಗಿಯನ್ನು ಅವಳ ಅಜ್ಜಿ ಕರೆತಂದರು. ಹುಟ್ಟಿನಿಂದ ಹೃದಯದಲ್ಲಿ ತೂತು. ತುಟಿ ನೀಲಿ.

"ಇಸ್ಕೂಲಲ್ಲಿ ನೇರಳೆಹಣ್ಣು ಅಂತಾರೆ ಇವಳನ್ನ. ಚಿಕ್ಕೋಳು ಆಪರೇಷನ್ ತಡ್ಕೊಳ್ಳಲ್ಲ, ಮೈ ಕಟ್ಲಿ ಅಂತ ಕಾದ್ವಿ. ಈಗ ಮುಚ್ಚಿಸ್ಬಿಡಿ ಸಾರ್."

ಇಂಥ ತೂತಿನಲ್ಲಿ ರಕ್ತ ಎಡದಿಂದ ಬಲಕ್ಕೆ ನುಗ್ಗುತ್ತದೆ. ವರ್ಷಗಟ್ಟಲೆ ನುಗ್ಗಿ ಶ್ವಾಸಕೋಶದ ನಾಳಗಳು ಗಟ್ಟಿಯಾದರೆ ಹರಿವು ತಿರುಗುತ್ತದೆ. ಆಮೇಲೆ ಮುಚ್ಚುವಂತಿಲ್ಲ, ಮುಚ್ಚಿದರೆ ಹೃದಯ ಸೋಲುತ್ತದೆ. ಭವ್ಯಳ ಹರಿವು ತಿರುಗಿತ್ತು.

ಅದನ್ನು ಹೇಳುವುದು ಡಾಕ್ಟರ ಕೆಲಸ. ಪರೀಕ್ಷೆ ಮುಗಿಯಿತೆಂದು ತಿಳಿಸಲು ನಾನು ನನ್ನ ಹೊಸ ಭಾಷೆಯಲ್ಲಿ "ಪಾಪ ಪನಿ ಅಯಿಪೋಯಿಂದಿ" ಎಂದೆ.

ಅಜ್ಜಿ ಎದೆ ಹಿಡಿದುಕೊಂಡು ಕುಸಿದರು.

"ಏನ್ ಸಾರ್ ಹಂಗಂದ್ಬಿಟ್ರಿ! ಅವಳ ಕಥೆ ಮುಗೀತು ಅಂದಂಗಾಯ್ತು," ಎಂದ ಮುನಿಯಮ್ಮ ಅಜ್ಜಿಯತ್ತ ತಿರುಗಿದರು. "ಪರೀಕ್ಷೆ ಮುಗೀತು ಅಂತ ಅಜ್ಜಿ. ಹುಬ್ಳಿ ಕಡೆಯೋರು, ತೆಲುಗು ಬರಲ್ಲ."

ಭವ್ಯ ಉಸಿರು ಕಟ್ಟುವಷ್ಟು ನಕ್ಕಳು. ಅಜ್ಜಿಯೂ ಕಣ್ಣೊರೆಸಿಕೊಂಡು ನಕ್ಕರು. "ಪ್ರಾಣ ಬಂತು ನಾಯನಾ."

ಸ್ವಲ್ಪ ಹೊತ್ತಿನ ಬಳಿಕ ಪಕ್ಕದ ಕೋಣೆಯಲ್ಲಿ ಡಾಕ್ಟರು ಅದನ್ನೇ ಅಜ್ಜಿಗೆ ಸರಿಯಾದ ತೆಲುಗಿನಲ್ಲಿ ಹೇಳಿದರು.

ಹುಡುಗಿಗೆ ಯಾರೂ ಹೇಳಿಲ್ಲ. ಪ್ರತಿ ಸಲ ಬಂದಾಗಲೂ ಮಂಚದ ಮೇಲಿಂದ ನನ್ನನ್ನು ಛೇಡಿಸುತ್ತಾಳೆ: "ಸಾರ್, ನಾ ಪನಿ ಅಯಿಪೋಯಿಂದಾ?" ಅಜ್ಜಿ ಗೋಡೆಯ ಕಡೆ ತಿರುಗುತ್ತಾರೆ.

ರಜೆಗೆ ಹೋದರೆ ಅವ್ವ, "ನೀ ಪೂರಾ ಕೋಲಾರದಾಂವ ಆಗಿಬಿಟ್ಟಿ" ಎನ್ನುತ್ತಾಳೆ. ಇಲ್ಲಿ ನಾನಿನ್ನೂ ಹುಬ್ಬಳ್ಳಿ ಕಡೆಯವನು. ತೆಲುಗು ಈಗ ಚೆನ್ನಾಗಿಯೇ ಬರುತ್ತದೆ. ಭವ್ಯಳ ಆ ಪ್ರಶ್ನೆಗೆ ಮಾತ್ರ ಬರದವನಂತೆ, "ಏಳವ್ವ, ಜ್ವಾಕಿ" ಎಂದು ಕೈಹಿಡಿದು ಇಳಿಸುತ್ತೇನೆ.